ಲಾಕ್ ಹಾಕಿದರೂ ಪ್ಯಾಕೆಟ್ ಕೆಡುತ್ತಿದೆ: ನೆಟ್‌ವರ್ಕ್ ಡ್ರೈವರ್ ಮತ್ತು ಡಿಎಂಎ ನಡುವಿನ ರೇಸ್ ಕಂಡಿಶನ್

ಉಣಕಲ್ ದಂಡೆ (ಹುಬ್ಬಳ್ಳಿ) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಗೋಕುಲ ರಸ್ತೆಯ ಒಂದು ಸಣ್ಣ ಕಂಪನಿಯಲ್ಲಿ ಲಿನಕ್ಸ್ ಡ್ರೈವರ್ ಬರೆಯುವ ಕೆಲಸದಲ್ಲಿದ್ದೇನೆ. ಕಾರ್ಖಾನೆಯ ಯಂತ್ರಗಳಿಂದ ಮಾಹಿತಿಯನ್ನು ಒಟ್ಟುಮಾಡಿ ಸರ್ವರ್‌ಗೆ ಕಳುಹಿಸುವ ಒಂದು ಪೆಟ್ಟಿಗೆಯನ್ನು ನಾವು ತಯಾರಿಸುತ್ತಿದ್ದು, ಅದರೊಳಗೆ ನಾಲ್ಕು ಕೋರ್‌ಗಳ 64 ಬಿಟ್ ಆರ್ಮ್ ಪ್ರೊಸೆಸರ್ ಹಾಗೂ ಅದೇ ಚಿಪ್ಪಿನಲ್ಲಿ ಎಫ್‌ಪಿಜಿಎ (ಬೇಕಾದ ಹಾರ್ಡ್‌ವೇರನ್ನು ನಾವೇ ರಚಿಸಿಕೊಳ್ಳಬಹುದಾದ ಭಾಗ) ಇವೆ. ಈಥರ್ನೆಟ್ ಕಂಟ್ರೋಲರನ್ನು ನಮ್ಮ ಸಹೋದ್ಯೋಗಿಯೊಬ್ಬರು ಎಫ್‌ಪಿಜಿಎಯಲ್ಲಿ ಸ್ವತಃ ರಚಿಸಿದ್ದಾರೆ, ಡ್ರೈವರ್ ನನ್ನದು. ಕಂಟ್ರೋಲರ್ ಪ್ರೊಸೆಸರಿನ ನೆರವಿಲ್ಲದೆ ತಾನೇ ಮೆಮೊರಿಯನ್ನು ಓದಿ ಬರೆಯುತ್ತದೆ (ಇದೇ ಡಿಎಂಎ), ಮತ್ತು ಆ ದಾರಿ ಪ್ರೊಸೆಸರಿನ ಕ್ಯಾಶ್ (ಮೆಮೊರಿಯ ನಕಲನ್ನು ಹತ್ತಿರ ಇಟ್ಟುಕೊಳ್ಳುವ ವೇಗದ ಜಾಗ) ಮೂಲಕ ಹಾಯುವುದಿಲ್ಲ.

ಸ್ವೀಕರಿಸುವ ರಿಂಗ್‌ನಲ್ಲಿ, ಅಂದರೆ ಸುತ್ತು ಸುತ್ತಾಗಿ ಬಳಸುವ ಪಟ್ಟಿಯಲ್ಲಿ, 256 ಡಿಸ್ಕ್ರಿಪ್ಟರ್‌ಗಳಿವೆ (ಒಂದೊಂದೂ ಪ್ಯಾಕೆಟ್ ಇಳಿಯುವ ಒಂದು ಬಫರಿನ ವಿವರ). ಪ್ರತಿಯೊಂದೂ 16 ಬೈಟ್: ಎಂಟು ಬೈಟ್ ಬಫರಿನ ವಿಳಾಸ, ನಾಲ್ಕು ಬೈಟ್ ಉದ್ದ, ನಾಲ್ಕು ಬೈಟ್ ಸ್ಟೇಟಸ್. ಸ್ಟೇಟಸ್‌ನ 31ನೇ ಬಿಟ್ 1 ಆಗಿದ್ದರೆ ಡಿಸ್ಕ್ರಿಪ್ಟರ್ ಹಾರ್ಡ್‌ವೇರಿನದು, 0 ಆಗಿದ್ದರೆ ಡ್ರೈವರಿನದು. ರಿಂಗ್‌ಗೆ ಬೇಕಾದ ಮೆಮೊರಿಯನ್ನು ನಾನು ಕೆಮ್ಯಾಲಕ್ (ಕರ್ನಲ್ಲಿನ ಸಾಮಾನ್ಯ ಮೆಮೊರಿ ಕೊಡುವ ಕರೆ) ಮೂಲಕ ಪಡೆದು, ಡಿಎಂಎ_ಮ್ಯಾಪ್_ಸಿಂಗಲ್ (ಅದನ್ನು ಸಾಧನ ಮುಟ್ಟಬಲ್ಲಂತೆ ಮಾಡುವ ಕರೆ) ಮಾಡಿ ಕಂಟ್ರೋಲರಿಗೆ ಕೊಟ್ಟಿದ್ದೇನೆ.

ಇದೇ ವಿನ್ಯಾಸವನ್ನು ಮೊದಲು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿಟ್ಟು ಆಫೀಸಿನ ಡೆಸ್ಕ್‌ಟಾಪ್‌ನಲ್ಲಿ ಎರಡು ತಿಂಗಳು ಪರೀಕ್ಷಿಸಿದ್ದೆವು. ಒಂದೇ ಒಂದು ತೊಂದರೆಯೂ ಕಾಣಲಿಲ್ಲ. ಪೆಟ್ಟಿಗೆಗೆ ತಂದ ಮೇಲೆ ನಾಲ್ಕು ಬಗೆಯ ದೋಷಗಳು ಕಾಣುತ್ತಿವೆ. ಕೆಲವು ಗಂಟೆಗಳಿಗೊಮ್ಮೆ 1514 ಬೈಟಿನ ಒಂದು ಪ್ಯಾಕೆಟ್ ಕೆಟ್ಟು ಬರುತ್ತದೆ. ಹೆಕ್ಸ್ ಡಂಪ್ ತೆಗೆದು ನೋಡಿದರೆ ಕೆಲವೊಮ್ಮೆ 704ರಿಂದ 831ರವರೆಗಿನ ಬೈಟ್‌ಗಳು ಮಾತ್ರ ಹಿಂದಿನ ಯಾವುದೋ ಪ್ಯಾಕೆಟ್ಟಿನವು, ಕೆಲವೊಮ್ಮೆ 1280ರಿಂದ ಕೊನೆಯವರೆಗೆ ಹಳೆಯವು. ಇನ್ನು ಕೆಲವು ಸಲ ಸ್ಟೇಟಸ್ ಸರಿಯಾಗಿಯೇ ಬದಲಾಗಿರುತ್ತದೆ, ಉದ್ದ ಮಾತ್ರ ಹಳೆಯದಿರುತ್ತದೆ. ಮೂರನೆಯದು, ಆಗಾಗ ಪಿಂಗ್‌ನ ಉತ್ತರ ಹೆಚ್ಚುಕಡಿಮೆ ಸರಿಯಾಗಿ 1000 ಮಿಲಿಸೆಕೆಂಡ್ ತಡವಾಗಿ ಬರತೊಡಗುತ್ತದೆ. ಕೊನೆಯದು ಹೆಚ್ಚು ಭಯ ಹುಟ್ಟಿಸುವಂಥದ್ದು: ಇಂಟರ್‌ಫೇಸನ್ನು ಡೌನ್ ಮಾಡಿದ ಸ್ವಲ್ಪ ಹೊತ್ತಿಗೆ ಕರ್ನಲ್ಲಿನ ಸಂಬಂಧವೇ ಇಲ್ಲದ ಇನ್ನಾವುದೋ ಭಾಗ ಕುಸಿದು ಬೀಳುತ್ತದೆ.

ರೇಸ್ ಕಂಡಿಶನ್ (ಇಬ್ಬರು ಒಂದೇ ಮೆಮೊರಿಯನ್ನು ಏಕಕಾಲಕ್ಕೆ ಮುಟ್ಟಿ ಕ್ರಮ ತಪ್ಪುವುದು) ಇರಬೇಕೆಂದು ರಿಂಗ್ ಮುಟ್ಟುವ ಪ್ರತಿ ಕಡೆಯಲ್ಲೂ ಸ್ಪಿನ್‌ಲಾಕ್ ಹಾಕಿದೆ, ಪ್ರಯೋಜನವಾಗಲಿಲ್ಲ. ಡಿಸ್ಕ್ರಿಪ್ಟರ್ ಪಾಯಿಂಟರಿಗೆ ವೊಲಟೈಲ್ ಸೇರಿಸಿದೆ, ಅದೂ ಫಲ ಕೊಡಲಿಲ್ಲ. ಡಿಸ್ಕ್ರಿಪ್ಟರ್ ಸಿದ್ಧವೆಂದು ಕಂಟ್ರೋಲರಿಗೆ ತಿಳಿಸುವ ಡೋರ್‌ಬೆಲ್ ರಿಜಿಸ್ಟರಿಗೆ ಬರೆಯುವ ಮುನ್ನ 10 ಮೈಕ್ರೋಸೆಕೆಂಡ್ ವಿಳಂಬ ಸೇರಿಸಿದರೆ ದೋಷ ಕಡಿಮೆಯಾಗುತ್ತದೆ. ಪ್ರಿಂಟ್ ಸಾಲುಗಳನ್ನು ಸೇರಿಸಿದರೆ ಪೂರ್ತಿ ಮಾಯವಾಗುತ್ತದೆ. ಎಲ್ಲಿಂದ ಹುಡುಕಲು ಆರಂಭಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಸಾಧನಕೇರಿ ಹಳಬ (ಧಾರವಾಡ) ಅವರ ಉತ್ತರ

ಪ್ರಶ್ನೆಯನ್ನು ವಿವರವಾಗಿ ಬರೆದಿದ್ದೀರಿ. ಅರ್ಧ ಉತ್ತರ ನಿಮ್ಮ ಹೆಕ್ಸ್ ಡಂಪ್‌ನಲ್ಲಿಯೇ ಇದೆ. ಮೊದಲಿಗೆ ಲಾಕ್ ವಿಷಯ. ಸ್ಪಿನ್‌ಲಾಕ್ ಎಂಬುದು ಅದನ್ನು ಕೇಳಿ ಪಡೆಯುವವರ ನಡುವಿನ ಒಪ್ಪಂದ. ಒಂದು ಕೋರ್ ಹಿಡಿದಿರುವಾಗ ಇನ್ನೊಂದು ಕೋರ್ ಕಾಯುತ್ತದೆ, ಏಕೆಂದರೆ ಇಬ್ಬರೂ ಅದೇ ಕರ್ನಲ್ಲಿನ ಕೋಡ್ ನಡೆಸುತ್ತಿರುತ್ತಾರೆ. ಡಿಎಂಎ ಎಂಜಿನ್ನಿಗೆ ನಿಮ್ಮ ಲಾಕ್ ಇದೆಯೆಂಬುದೇ ಗೊತ್ತಿಲ್ಲ. ನೀವು ಒಳಗಿನಿಂದ ಎಷ್ಟು ಅಗುಳಿ ಹಾಕಿಕೊಂಡರೂ ಅದು ಹಿತ್ತಲ ಬಾಗಿಲಿನಿಂದ ಮೆಮೊರಿಗೆ ಬಂದು ಬರೆದು ಹೋಗುತ್ತದೆ. ಆದ್ದರಿಂದ ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಈ ಮೆಮೊರಿ ಯಾರ ಒಡೆತನದಲ್ಲಿದೆ, ಮತ್ತು ಒಡೆತನ ಕೈಬದಲಾಗುವಾಗ ಹಿಂದಿನ ಒಡೆಯನ ಕೆಲಸವೆಲ್ಲವೂ ನಿಜವಾಗಿ ಮುಗಿದಿರುತ್ತದೆಯೇ?

ಪ್ಯಾಕೆಟ್ ಸ್ವೀಕರಿಸುವಾಗ ನಡೆಯಬೇಕಾದುದನ್ನು ಕ್ರಮವಾಗಿ ಹೇಳುತ್ತೇನೆ. ಡ್ರೈವರ್ ಸ್ಟೇಟಸ್ ಓದುತ್ತದೆ. 31ನೇ ಬಿಟ್ 0 ಆಗಿದೆ. ಇದಾದ ತಕ್ಷಣ ಡಿಎಂಎ_ಆರ್‌ಎಂಬಿ ಎಂಬ ಬ್ಯಾರಿಯರ್, ಅಂದರೆ ಹಿಂದಿನ ಓದು ಮುಗಿಯದೆ ಮುಂದಿನದನ್ನು ಮಾಡಗೊಡದ ಸೂಚನೆ, ಇರಬೇಕು. ಅದಿಲ್ಲದಿದ್ದರೆ ಆರ್ಮ್ ಪ್ರೊಸೆಸರ್ ಉದ್ದದ ಓದನ್ನು ಸ್ಟೇಟಸ್‌ನ ಓದಿಗಿಂತ ಮೊದಲೇ ಮುಗಿಸಿಬಿಡಬಹುದು. ನೀವು ಕೋಡಿನಲ್ಲಿ ಷರತ್ತು ಬರೆದಿದ್ದೀರಿ, ಷರತ್ತಿನ ಒಳಗೆ ಉದ್ದವನ್ನು ಓದಿದ್ದೀರಿ, ನಿಜ. ಆದರೆ ಷರತ್ತು ನಿಜವಾಗುತ್ತದೆಂದು ಊಹಿಸಿ ಮುಂದಿನ ಓದನ್ನು ಮೊದಲೇ ಮಾಡಿಟ್ಟುಕೊಳ್ಳುವ ಸ್ವಾತಂತ್ರ್ಯ ಪ್ರೊಸೆಸರಿಗಿದೆ. ಉದ್ದವನ್ನು ಓದಿದಾಗ ಹಾರ್ಡ್‌ವೇರ್ ಇನ್ನೂ ಬರೆದಿರಲಿಲ್ಲ, ಸ್ಟೇಟಸ್ ಓದುವ ಹೊತ್ತಿಗೆ ಎರಡನ್ನೂ ಬರೆದಿತ್ತು. ನಿಮ್ಮ ಎರಡನೆಯ ದೋಷಕ್ಕೆ ಇದೇ ಕಾರಣವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಿಂದಿರುಗಿಸುವಾಗಲೂ ಇದೇ ನಿಯಮ ತಿರುಗುಮುರುಗಾಗಿ ಅನ್ವಯಿಸುತ್ತದೆ. ಹೊಸ ಬಫರಿನ ವಿಳಾಸವನ್ನು ಡಿಸ್ಕ್ರಿಪ್ಟರಿನಲ್ಲಿ ಬರೆಯಿರಿ, ಆಮೇಲೆ ಬರವಣಿಗೆಗಳ ಬ್ಯಾರಿಯರ್ ಆದ ಡಿಎಂಎ_ಡಬ್ಲ್ಯುಎಂಬಿ, ಅನಂತರವೇ ಸ್ಟೇಟಸ್‌ನ 31ನೇ ಬಿಟ್ಟನ್ನು 1 ಮಾಡಿ. ಕೊನೆಗೆ ಡೋರ್‌ಬೆಲ್. ಅದಕ್ಕೆ ನೀವು ರೈಟ್‌ಎಲ್ ಬಳಸಿದ್ದೀರೋ, ರೈಟ್‌ಎಲ್_ರಿಲ್ಯಾಕ್ಸ್ಡ್ ಬಳಸಿದ್ದೀರೋ ಬರೆದಿಲ್ಲ. ಮೊದಲನೆಯದರಲ್ಲಿ ಹಿಂದಿನ ಮೆಮೊರಿ ಬರವಣಿಗೆಗಳು ಸಾಧನಕ್ಕೆ ಮೊದಲು ಕಾಣುವಂತೆ ಮಾಡುವ ಬ್ಯಾರಿಯರ್ ಒಳಗೇ ಇದೆ, ಎರಡನೆಯದರಲ್ಲಿ ಇಲ್ಲ. 10 ಮೈಕ್ರೋಸೆಕೆಂಡ್ ಕಾದರೆ ದೋಷ ಕಡಿಮೆಯಾಗುತ್ತದೆ ಎಂದಿರುವುದನ್ನು ನೋಡಿದರೆ ನೀವು ಎರಡನೆಯದನ್ನೇ ಬಳಸಿರಬೇಕು. ವಿಳಂಬವು ಕ್ರಮವನ್ನು ಕೊಡುವುದಿಲ್ಲ, ಕ್ರಮ ತಪ್ಪುವ ಸಂಭವವನ್ನು ಮಾತ್ರ ತಗ್ಗಿಸುತ್ತದೆ. ಪ್ರಿಂಟ್ ಸಾಲು ಮಾಡುತ್ತಿರುವುದೂ ಅದನ್ನೇ. ವೊಲಟೈಲ್ ಕಂಪೈಲರಿಗೆ ಹೇಳುವ ಮಾತು, ಪ್ರೊಸೆಸರ್ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಡೆಸ್ಕ್‌ಟಾಪ್‌ನಲ್ಲಿ ಏಕೆ ಕಾಣಲಿಲ್ಲ ಎಂಬುದಕ್ಕೂ ಉತ್ತರ ಇಲ್ಲಿದೆ. ಅಲ್ಲಿನ ಎಕ್ಸ್86 ಪ್ರೊಸೆಸರ್ ಸಾಮಾನ್ಯ ಮೆಮೊರಿಯಲ್ಲಿ ಓದು ಓದುಗಳ ನಡುವಿನ ಕ್ರಮವಾಗಲಿ, ಬರವಣಿಗೆ ಬರವಣಿಗೆಗಳ ನಡುವಿನ ಕ್ರಮವಾಗಲಿ ಬದಲಾದಂತೆ ಹೊರಗೆ ತೋರಗೊಡುವುದಿಲ್ಲ. ಹೀಗಾಗಿ ಅಲ್ಲಿ ಈ ಎರಡೂ ಬ್ಯಾರಿಯರ್‌ಗಳು ಕಂಪೈಲರಿಗೆ ಕೊಡುವ ಸೂಚನೆಯಷ್ಟೇ ಆಗಿ ಉಳಿಯುತ್ತವೆ. ಅಲ್ಲಿ ಡಿಎಂಎ ಕೂಡ ಕ್ಯಾಶ್ ಜೊತೆ ಹೊಂದಿಕೊಂಡೇ ನಡೆಯುತ್ತದೆ. ನಿಮ್ಮ ತಪ್ಪು ಅಲ್ಲಿಯೂ ಇತ್ತು, ಮಲಗಿತ್ತು ಅಷ್ಟೇ.

ಇನ್ನು ರಿಂಗ್. ಅದನ್ನು ಕೆಮ್ಯಾಲಕ್ ಮಾಡಿದ ಸಾಮಾನ್ಯ ಮೆಮೊರಿಯಲ್ಲಿಟ್ಟಿರುವುದು ದೊಡ್ಡ ತಪ್ಪು. ಕ್ಯಾಶ್‌ನ ಒಂದು ಸಾಲು 64 ಬೈಟ್, ನಿಮ್ಮ ಡಿಸ್ಕ್ರಿಪ್ಟರ್ 16 ಬೈಟ್. ಒಂದೇ ಸಾಲಿನಲ್ಲಿ ನಾಲ್ವರು ಕುಳಿತಿದ್ದಾರೆ. ಮೊದಲನೆಯ ಡಿಸ್ಕ್ರಿಪ್ಟರನ್ನು ನೀವು ತುಂಬಿಸುವಾಗ ಇಡೀ ಸಾಲು ಕ್ಯಾಶ್‌ಗೆ ಬರುತ್ತದೆ. ಅದೇ ಹೊತ್ತಿಗೆ ಹಾರ್ಡ್‌ವೇರ್ ಮೂರನೆಯದಕ್ಕೆ ಮೆಮೊರಿಯಲ್ಲಿ "ಮುಗಿಯಿತು" ಎಂದು ಬರೆಯುತ್ತದೆ. ಆಮೇಲೆ ನಿಮ್ಮ ಸಾಲು ಮೆಮೊರಿಗೆ ಮರಳಿದಾಗ ಹಾರ್ಡ್‌ವೇರ್ ಬರೆದದ್ದರ ಮೇಲೆಯೇ ಹಳೆಯ ಬೆಲೆ ಕೂರುತ್ತದೆ. ಯಾವ ಬ್ಯಾರಿಯರ್ ಹಾಕಿದರೂ ಇದು ತಪ್ಪುವುದಿಲ್ಲ. ರಿಂಗನ್ನು ಡಿಎಂಎ_ಅಲಾಕ್_ಕೊಹೆರೆಂಟ್ ಮೂಲಕವೇ ಪಡೆಯಿರಿ.

ಎರಡನೇ ವರ್ಷದವ (ಹುಬ್ಬಳ್ಳಿ) ಅವರ ಉತ್ತರ

ಮಧ್ಯೆ ಪ್ರವೇಶಿಸುತ್ತಿರುವುದಕ್ಕೆ ಕ್ಷಮೆಯಿರಲಿ ಸರ್. ರಿಂಗನ್ನು ಕೊಹೆರೆಂಟ್ ಮೆಮೊರಿಯಲ್ಲಿಟ್ಟ ಮೇಲೆ ಎರಡೂ ಕಡೆಯವರಿಗೆ ಒಂದೇ ಬೆಲೆ ಕಾಣುತ್ತದೆಯಲ್ಲವೇ? ಆಗಲೂ ಬ್ಯಾರಿಯರ್ ಏಕೆ ಬೇಕು?

ಸಾಧನಕೇರಿ ಹಳಬ (ಧಾರವಾಡ) ಅವರ ಉತ್ತರ

ಒಳ್ಳೆಯ ಪ್ರಶ್ನೆ, ಕ್ಷಮೆ ಬೇಕಾಗಿಲ್ಲ. ಕೊಹೆರೆಂಟ್ ಎಂದರೆ ಬರೆದದ್ದು ಕ್ಯಾಶ್‌ನಲ್ಲಿ ಅಡಗಿ ಕೂರುವುದಿಲ್ಲ ಎಂದಷ್ಟೇ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಭರವಸೆ ಅದರಲ್ಲಿಲ್ಲ. ಕ್ಯಾಶ್ ಹೊಂದಾಣಿಕೆಯಿಲ್ಲದ ಇಂಥ ಆರ್ಮ್ ವ್ಯವಸ್ಥೆಯಲ್ಲಿ ಕರ್ನಲ್ ಈ ಮೆಮೊರಿಯನ್ನು ಕ್ಯಾಶ್ ಆಗದ ಸಾಮಾನ್ಯ ಮೆಮೊರಿಯಾಗಿ ಮ್ಯಾಪ್ ಮಾಡುತ್ತದೆ, ಮತ್ತು ಆ ಬಗೆಯ ಮೆಮೊರಿಯಲ್ಲಿಯೂ ಪ್ರೊಸೆಸರ್ ಓದು ಬರಹಗಳ ಕ್ರಮವನ್ನು ಬದಲಿಸಬಲ್ಲದು. ಎರಡೂ ಬೇಕು.

ಬೆಟಗೇರಿ ನೇಕಾರ (ಗದಗ) ಅವರ ಉತ್ತರ

ಹಳಬರು ಹೇಳಿದ ಒಡೆತನದ ಮಾತನ್ನು ಓದಿದಾಗ ನನಗೆ ನಮ್ಮ ತಂದೆಯವರ ನೌಕರಿ ನೆನಪಾಯಿತು. ಹುಬ್ಬಳ್ಳಿ ಗದಗ ನಡುವೆ ಒಂದೇ ಹಳಿ ಇದ್ದ ಕಾಲದಲ್ಲಿ ಅವರು ಸ್ಟೇಷನ್ ಮಾಸ್ಟರ್ ಆಗಿದ್ದರು. ಎರಡು ನಿಲ್ದಾಣಗಳ ನಡುವಿನ ಹಳಿಗೆ ಗಾಡಿ ಬಿಡಬೇಕಾದರೆ ಟೋಕನ್ ಯಂತ್ರದಿಂದ ಒಂದು ಲೋಹದ ಚೆಂಡನ್ನು ತೆಗೆದು ಡ್ರೈವರ್ ಕೈಗೆ ಕೊಡಬೇಕಿತ್ತು, ಮತ್ತು ಒಂದು ಚೆಂಡು ಹೊರಗಿರುವಾಗ ಎರಡೂ ಕಡೆಯ ಯಂತ್ರಗಳು ಇನ್ನೊಂದನ್ನು ಬಿಟ್ಟುಕೊಡುತ್ತಿರಲಿಲ್ಲ. ಆದರೆ ತಂದೆಯವರು ಹೆಚ್ಚು ಒತ್ತಿ ಹೇಳುತ್ತಿದ್ದುದು ಇನ್ನೊಂದು ಸಂಗತಿಯನ್ನು: ಎಂಜಿನ್ ಪ್ಲಾಟ್‌ಫಾರ್ಮಿಗೆ ಬಂದು ಚೆಂಡು ಕೈಗೆ ಸಿಕ್ಕಿತೆಂದು ಅದನ್ನು ಯಂತ್ರಕ್ಕೆ ಹಾಕುವಂತಿರಲಿಲ್ಲ, ಕೊನೆಯ ಡಬ್ಬಿಯ ಹಿಂದಿನ ಎಲ್‌ವಿ ಫಲಕವನ್ನು ಕಣ್ಣಾರೆ ಕಂಡು, ಗಾಡಿ ಪೂರ್ತಿ ಒಳಗೆ ಬಂತೆಂದು ಖಾತ್ರಿಯಾದ ಮೇಲೆಯೇ ಹಾಕಬೇಕಿತ್ತು. "ಬಾಲಾ ಬರೂತನಕಾ ಗಾಡಿ ಬಂದಂಗಲ್ಲ" ಎನ್ನುತ್ತಿದ್ದರು. ಸ್ಟೇಟಸ್ ಬಿಟ್ ಆ ಚೆಂಡು; ಬ್ಯಾರಿಯರ್ ಎಂದರೆ ಫಲಕ ನೋಡುವ ಕೆಲಸ.

ಈಗ ನಿಮ್ಮ ಮೊದಲ ದೋಷಕ್ಕೆ ಬರುತ್ತೇನೆ. 704 ಎಂದರೆ 64ರ 11 ಪಟ್ಟು, 832 ಎಂದರೆ 13 ಪಟ್ಟು. ಸರಿಯಾಗಿ ಎರಡು ಕ್ಯಾಶ್ ಸಾಲುಗಳು ಹಳೆಯವಾಗಿವೆ. ಇದು ಡಿಸ್ಕ್ರಿಪ್ಟರಿನ ಸಮಸ್ಯೆಯಲ್ಲ, ಬಫರಿನ ಕ್ಯಾಶ್ ಸಮಸ್ಯೆ. ನೀವು ಬಫರ್‌ಗಳನ್ನು ಮರುಬಳಕೆ ಮಾಡುತ್ತಿದ್ದರೆ ಡಿಎಂಎ_ಸಿಂಕ್_ಸಿಂಗಲ್_ಫಾರ್_ಸಿಪಿಯು ಎಂಬ ಕರೆ (ಕ್ಯಾಶ್‌ನ ಹಳೆಯ ನಕಲನ್ನು ಬಿಟ್ಟು ಬಫರನ್ನು ಪ್ರೊಸೆಸರಿಗೆ ಒಪ್ಪಿಸುವುದು) ಎಲ್ಲಿದೆ ಎಂದು ನೋಡಿ. ಅದು ಬಫರನ್ನು ಹಾರ್ಡ್‌ವೇರಿಗೆ ಕೊಡುವಾಗ ಇದ್ದರೆ, ಅಥವಾ ಸ್ಟೇಟಸ್ ನೋಡುವ ಮೊದಲೇ ಇದ್ದರೆ, ಇದ್ದೂ ಇಲ್ಲದಂತೆ.

ಏಕೆಂದರೆ ಬಫರ್ ಹಾರ್ಡ್‌ವೇರಿನ ಬಳಿ ಇರುವಾಗ ನಿಮ್ಮ ಕೋಡ್ ಅದನ್ನು ಮುಟ್ಟದಿದ್ದರೂ ಪ್ರೊಸೆಸರ್ ಮುಟ್ಟಬಹುದು. ಅಕ್ಕಪಕ್ಕದ ಮೆಮೊರಿಯನ್ನು ಓದುವಾಗ, ಮುಂದೆ ಬೇಕಾಗಬಹುದೆಂದು ಊಹಿಸಿ, ಅದು ತಾನಾಗಿಯೇ ಕೆಲವು ಸಾಲುಗಳನ್ನು ಕ್ಯಾಶ್‌ಗೆ ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಂಡ ಸಾಲಿನಲ್ಲಿರುವುದು ಹೊಸ ಪ್ಯಾಕೆಟ್ ಬರುವ ಮುಂಚಿನ ಬೈಟ್‌ಗಳು. ಹಾರ್ಡ್‌ವೇರ್ ಮೆಮೊರಿಯಲ್ಲಿ ಹೊಸದನ್ನು ಬರೆದರೂ ಕ್ಯಾಶ್‌ನಲ್ಲಿ ಹಳೆಯದೇ ಉಳಿಯುತ್ತದೆ. ಆದ್ದರಿಂದ ಕೊಡುವಾಗ ಅದರ ಜೋಡಿ ಕರೆಯಾದ ಫಾರ್_ಡಿವೈಸ್, ಸ್ಟೇಟಸ್ ನೋಡಿ ಖಾತ್ರಿಯಾದ ಮೇಲೆ ಫಾರ್_ಸಿಪಿಯು, ಅದಾದ ಮೇಲೆಯೇ ಬಫರಿನ ಮೊದಲ ಬೈಟನ್ನು ಓದುವುದು. ಈ ಕ್ರಮದಲ್ಲಿ ರಿಯಾಯಿತಿಯಿಲ್ಲ.

ಇದರ ಜೊತೆಗೇ ನೋಡಬೇಕಾದ ಇನ್ನೊಂದಿದೆ. ಡಿಎಂಎ ಬಫರನ್ನು ಡ್ರೈವರಿನ ಸ್ಟ್ರಕ್ಚರ್ ಒಳಗೆ, ಇತರ ಸದಸ್ಯರ ಪಕ್ಕದಲ್ಲಿ ಇಡಬೇಡಿ. ಪಕ್ಕದ ಎಣಿಕೆಯೊಂದನ್ನು ಹೆಚ್ಚಿಸಿದರೂ ಅದೇ ಸಾಲು ಕೊಳೆಯಾಗುತ್ತದೆ, ಅಂದರೆ ಮೆಮೊರಿಗೆ ಮರಳಿ ಬರೆಯಬೇಕಾದದ್ದಾಗುತ್ತದೆ. ಸ್ಟ್ಯಾಕ್ ಮೇಲಿನ ಅರೇಯನ್ನಂತೂ ಎಂದೂ ಮ್ಯಾಪ್ ಮಾಡಬಾರದು. ಕರ್ನಲ್ ಕಾನ್ಫಿಗರೇಶನ್ನಿನಲ್ಲಿ ಡಿಎಂಎ ಎಪಿಐ ಡೀಬಗ್ ಆಯ್ಕೆಯನ್ನು ಹಾಕಿ ಒಮ್ಮೆ ನಡೆಸಿ; ಮ್ಯಾಪ್ ಮಾಡಿದ ಉದ್ದವೊಂದು, ಅನ್‌ಮ್ಯಾಪ್ ಮಾಡಿದ ಉದ್ದವೊಂದು ಎಂಬಂಥ ತಪ್ಪುಗಳನ್ನು ಅದು ಸಾಲುಸಾಲಾಗಿ ಬಯಲಿಗೆಳೆಯುತ್ತದೆ. ಮ್ಯಾಪ್ ಮಾಡಿದ ಮೇಲೆ ಡಿಎಂಎ_ಮ್ಯಾಪಿಂಗ್_ಎರರ್ ನೋಡದಿದ್ದರೆ ಅದನ್ನೂ ಹೇಳುತ್ತದೆ.

1280ರಿಂದ ಕೊನೆಯವರೆಗಿನ ಹಳೆಯ ಬೈಟ್‌ಗಳು ನನಗೆ ಬೇರೆ ಕಥೆ ಹೇಳುತ್ತಿರುವಂತಿದೆ. ಮೇಲಿನವನ್ನು ಸರಿಪಡಿಸಿದ ಮೇಲೂ ಅದು ಉಳಿದರೆ ಇಲ್ಲಿ ಬರೆಯಿರಿ.

ವರದಾ ತೀರ (ಹಾವೇರಿ) ಅವರ ಉತ್ತರ

ಪಿಂಗ್ 1000 ಮಿಲಿಸೆಕೆಂಡ್ ತಡವಾಗುವುದನ್ನು ಕಂಡವರು ಒಂದೇ ಕಡೆ ನೋಡಬೇಕು: ಪೋಲ್ (ಡ್ರೈವರ್ ತಾನೇ ರಿಂಗನ್ನು ನೋಡುವ ಕೆಲಸ) ಮುಗಿಸಿ ಇಂಟರಪ್ಟ್ (ಪ್ಯಾಕೆಟ್ ಬಂತೆಂದು ಹಾರ್ಡ್‌ವೇರ್ ಕೊಡುವ ಕರೆ) ಮತ್ತೆ ಚಾಲೂ ಮಾಡುವ ಜಾಗ. ಪಿಂಗ್ ಸೆಕೆಂಡಿಗೊಂದು ಪ್ಯಾಕೆಟ್ ಕಳುಹಿಸುತ್ತದೆ. ಒಂದು ಪ್ಯಾಕೆಟ್ಟಿನ ಇಂಟರಪ್ಟ್ ಕಳೆದುಹೋದರೆ ಅದು ರಿಂಗ್‌ನಲ್ಲಿ ಸುಮ್ಮನೆ ಕುಳಿತಿರುತ್ತದೆ. ಒಂದು ಸೆಕೆಂಡಿನ ನಂತರ ಮುಂದಿನ ಪ್ಯಾಕೆಟ್ ಬಂದು ಇಂಟರಪ್ಟ್ ಕೊಟ್ಟಾಗ ಡ್ರೈವರ್ ಎಚ್ಚೆತ್ತು ಹಳೆಯದನ್ನು ಎತ್ತಿಕೊಳ್ಳುತ್ತದೆ. ಗಡಿಯಾರದಂತೆ ಸರಿಯಾಗಿ ಒಂದು ಸೆಕೆಂಡ್ ಬರುವುದು ಅದಕ್ಕೇ.

ನಿಮ್ಮ ನ್ಯಾಪಿ (ಇಂಟರಪ್ಟ್ ಮುಚ್ಚಿ ಪೋಲ್ ಮಾಡುವ ಲಿನಕ್ಸ್ ವ್ಯವಸ್ಥೆ) ಪೋಲ್ ಫಂಕ್ಷನ್ನಿನ ಕೊನೆಯಲ್ಲಿ ಇಂಟರಪ್ಟ್ ಸ್ಟೇಟಸ್ ರಿಜಿಸ್ಟರನ್ನು ತೊಳೆಯುತ್ತಿದ್ದೀರಿ ಎಂದು ನನ್ನ ಊಹೆ. ಪೋಲ್ ರಿಂಗನ್ನು ನೋಡಿ "ಇನ್ನೇನೂ ಇಲ್ಲ" ಎಂದು ತೀರ್ಮಾನಿಸಿತು. ಆ ಕ್ಷಣದಲ್ಲಿ ಒಂದು ಪ್ಯಾಕೆಟ್ ಬಂದು ಸ್ಟೇಟಸ್ ರಿಜಿಸ್ಟರಿನಲ್ಲಿ ಬಿಟ್ ಹತ್ತಿತು. ನೀವು ಅದನ್ನು ಹಳೆಯದೆಂದು ತಿಳಿದು ತೊಳೆದಿರಿ. ಆಮೇಲೆ ಇಂಟರಪ್ಟ್ ಚಾಲೂ ಮಾಡಿದಿರಿ. ಬಾಗಿಲು ತೆರೆಯುವ ಮೊದಲೇ ಬಂದವನ ಗುರುತು ಅಳಿಸಿಹೋಯಿತು. ಸ್ಟೇಟಸ್ ತೊಳೆಯುವುದು ರಿಂಗ್ ನೋಡುವುದಕ್ಕಿಂತ ಮೊದಲೇ ಆಗಬೇಕು. ಹಾಗೆ ಮಾಡಿದರೆ, ತೊಳೆದ ಮೇಲೆ ಬಂದ ಪ್ಯಾಕೆಟ್ ರಿಂಗ್‌ನಲ್ಲಿಯೇ ಸಿಗುತ್ತದೆ, ಇಲ್ಲವೇ ಅದರ ಬಿಟ್ ಉಳಿದುಕೊಂಡು ಇಂಟರಪ್ಟ್ ಚಾಲೂ ಆದ ಕೂಡಲೇ ಕೂಗುತ್ತದೆ. ಹೆಚ್ಚೆಂದರೆ ಒಮ್ಮೆ ವ್ಯರ್ಥವಾಗಿ ಪೋಲ್ ನಡೆಯಬಹುದು, ಅದರಿಂದ ನಷ್ಟವಿಲ್ಲ. ನಿಮ್ಮ ಹಾರ್ಡ್‌ವೇರಿನ ಇಂಟರಪ್ಟ್ ಎಡ್ಜ್ ಬಗೆಯದಾಗಿದ್ದರೆ (ಸಂಕೇತ ಬದಲಾದ ಕ್ಷಣದಲ್ಲಿ ಮಾತ್ರ ಕೂಗುವಂಥದ್ದು), ಚಾಲೂ ಮಾಡಿದ ಮೇಲೆ ರಿಂಗನ್ನು ಇನ್ನೊಮ್ಮೆ ನೋಡಿ, ಏನಾದರೂ ಇದ್ದರೆ ನ್ಯಾಪಿಯನ್ನು ಮತ್ತೆ ಷೆಡ್ಯೂಲ್ ಮಾಡಿ. ನ್ಯಾಪಿ_ಕಂಪ್ಲೀಟ್_ಡನ್ ಸುಳ್ಳು ಎಂದು ಹಿಂದಿರುಗಿಸಿದರೆ ಇಂಟರಪ್ಟ್ ಚಾಲೂ ಮಾಡಬಾರದು ಎಂಬುದನ್ನೂ ಮರೆಯಬೇಡಿ. ಬಜೆಟ್ ಪೂರ್ತಿ, ಅಂದರೆ ಸಾಮಾನ್ಯವಾಗಿ 64 ಪ್ಯಾಕೆಟ್, ಖರ್ಚಾಗಿದ್ದರೆ ಕಂಪ್ಲೀಟ್ ಕರೆಯುವುದೇ ಬೇಡ.

ಇಂಟರ್‌ಫೇಸ್ ಡೌನ್ ಮಾಡಿದಾಗ ಕುಸಿಯುವುದು ಇದಕ್ಕಿಂತ ಗಂಭೀರ. "ನಿಲ್ಲು" ಎಂಬ ಬಿಟ್ಟನ್ನು ಬರೆದ ಮಾತ್ರಕ್ಕೆ ಡಿಎಂಎ ನಿಲ್ಲುವುದಿಲ್ಲ. ಆ ಬರವಣಿಗೆಯೇ ದಾರಿಯಲ್ಲಿ ಎಲ್ಲೋ ಸರದಿಯಲ್ಲಿರಬಹುದು. ತಲುಪಿದ ಮೇಲೂ ಎಂಜಿನ್ ಕೈಯಲ್ಲಿರುವ ಪ್ಯಾಕೆಟ್ಟನ್ನು ಮುಗಿಸಿಯೇ ನಿಲ್ಲುತ್ತದೆ. ಅಷ್ಟರಲ್ಲಿ ನೀವು ಬಫರ್‌ಗಳನ್ನು ಬಿಡುಗಡೆ ಮಾಡಿದ್ದರೆ, ಆ ಮೆಮೊರಿ ಇನ್ನಾರದೋ ಪಾಲಾಗಿ, ಅವರ ಮೇಲೆ ನಿಮ್ಮ ಪ್ಯಾಕೆಟ್ ಬಂದು ಬೀಳುತ್ತದೆ. ನಾನು ಅನುಸರಿಸುವ ಕ್ರಮ ಹೀಗಿದೆ: ಕಳುಹಿಸುವ ಸರದಿಯನ್ನು ನಿಲ್ಲಿಸುವುದು, ನ್ಯಾಪಿ_ಡಿಸೇಬಲ್, ಇಂಟರಪ್ಟ್ ಮುಚ್ಚಿ ಸಿಂಕ್ರೊನೈಸ್_ಐಆರ್‌ಕ್ಯು (ನಡೆಯುತ್ತಿರುವ ಇಂಟರಪ್ಟ್ ಕೆಲಸ ಮುಗಿಯುವವರೆಗೆ ಕಾಯುವುದು), ಡಿಎಂಎಗೆ ನಿಲ್ಲಲು ಹೇಳಿ ಅದರ "ನಾನು ಖಾಲಿ" ಎಂಬ ಬಿಟ್ ಕಾಣುವವರೆಗೆ ಕಾಲಮಿತಿಯೊಂದಿಗೆ ಓದುತ್ತಿರುವುದು, ಕೊನೆಗೆ ಅನ್‌ಮ್ಯಾಪ್ ಮತ್ತು ಬಿಡುಗಡೆ. ಕಾಲಮಿತಿ ಮೀರಿದರೆ ರಿಸೆಟ್ ಮಾಡಿ; ಅದೂ ಆಗದಿದ್ದರೆ ಆ ಬಫರ್‌ಗಳನ್ನು ಬಿಡುಗಡೆ ಮಾಡದೆ ಹಾಗೆಯೇ ಬಿಟ್ಟುಬಿಡುವುದು ಲೇಸು. ಸ್ವಲ್ಪ ಮೆಮೊರಿ ಸೋರಿದರೆ ಸೋರಲಿ. ಇದೇ ಕೆಲಸವನ್ನು ಶಟ್‌ಡೌನ್ ಕಾಲ್‌ಬ್ಯಾಕ್‌ನಲ್ಲಿಯೂ ಮಾಡಿ, ಇಲ್ಲದಿದ್ದರೆ ಕೆಎಕ್ಸೆಕ್ (ಯಂತ್ರವನ್ನು ರಿಸೆಟ್ ಮಾಡದೆ ನೇರವಾಗಿ ಹೊಸ ಕರ್ನಲ್ ಏರಿಸುವ ವಿಧಾನ) ಮೂಲಕ ಹೊಸ ಕರ್ನಲ್ ಏಳುವಾಗ ಹಳೆಯ ಪ್ಯಾಕೆಟ್‌ಗಳು ಅದರ ಮೆಮೊರಿಯಲ್ಲಿ ಬಂದು ಇಳಿಯುತ್ತವೆ.

ಕೇಸ್ಯಾನ್ (ಕರ್ನಲ್ಲಿನ ಮೆಮೊರಿ ತಪ್ಪುಗಳನ್ನು ಹಿಡಿಯುವ ಉಪಕರಣ) ಹಾಕಿ ಇದನ್ನು ಹಿಡಿಯುತ್ತೇನೆಂದು ಹೊರಡಬೇಡಿ. ಅದು ಪ್ರೊಸೆಸರ್ ನಡೆಸುವ ಕೋಡನ್ನು ಮಾತ್ರ ಕಾಯುತ್ತದೆ; ಹಾರ್ಡ್‌ವೇರ್ ಬರೆದುದು ಅದರ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಚಿಪ್‌ನಲ್ಲಿ ಐಒಎಂಎಂಯು (ಸಾಧನಗಳು ಯಾವ ಮೆಮೊರಿಯನ್ನು ಮುಟ್ಟಬಹುದೆಂದು ಕಾಯುವ ಘಟಕ) ಇದ್ದು ಕಂಟ್ರೋಲರ್ ಅದರ ಹಿಂದಿದ್ದರೆ, ಬೂಟ್ ಸಾಲಿನಲ್ಲಿ ಅದನ್ನು ಸ್ಟ್ರಿಕ್ಟ್ ವಿಧಾನದಲ್ಲಿಟ್ಟು ನೋಡಿ. ಆಗ ಅನ್‌ಮ್ಯಾಪ್ ಆದ ಮೇಲೆ ಬರುವ ಪ್ರತಿ ಬರವಣಿಗೆಯೂ ವಿಳಾಸ ಸಮೇತ ಲಾಗ್‌ನಲ್ಲಿ ಸಿಕ್ಕಿಬೀಳುತ್ತದೆ.

ಕಳುಹಿಸುವ ಕಡೆಯ ಬಗ್ಗೆ ಒಂದೇ ಮಾತು: ಒಂದು ಪ್ಯಾಕೆಟ್ ಹಲವು ಡಿಸ್ಕ್ರಿಪ್ಟರ್‌ಗಳಲ್ಲಿ ಹರಡಿದ್ದರೆ, ಎರಡನೆಯದರಿಂದ ಕೊನೆಯದರವರೆಗೆ ಎಲ್ಲವನ್ನೂ ಹಾರ್ಡ್‌ವೇರಿಗೆ ಒಪ್ಪಿಸಿ, ಬ್ಯಾರಿಯರ್ ಹಾಕಿ, ಮೊದಲನೆಯದನ್ನು ಎಲ್ಲಕ್ಕಿಂತ ಕೊನೆಗೆ ಒಪ್ಪಿಸಬೇಕು.

ಉಣಕಲ್ ದಂಡೆ (ಹುಬ್ಬಳ್ಳಿ) ಅವರ ಉತ್ತರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಊಹಿಸಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ ಎಂದು ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಡೋರ್‌ಬೆಲ್‌ಗೆ ರೈಟ್‌ಎಲ್_ರಿಲ್ಯಾಕ್ಸ್ಡ್ ಬಳಸಿದ್ದೆ, ವೇಗವಾಗುತ್ತದೆಂಬ ಆಸೆಯಿಂದ. ಫಾರ್_ಸಿಪಿಯು ಕರೆಯನ್ನು ಬಫರ್ ಮರಳಿಸುವ ಜಾಗದಲ್ಲಿಯೇ ಇಟ್ಟಿದ್ದೆ, ಪ್ಯಾಕೆಟ್ ಬಂದಾಗಿನ ಕೆಲಸ ಕಡಿಮೆಯಾಗಲೆಂದು. ಸ್ಟೇಟಸ್ ರಿಜಿಸ್ಟರನ್ನು ಪೋಲ್‌ನ ಕೊನೆಯಲ್ಲಿಯೇ ತೊಳೆಯುತ್ತಿದ್ದೆ.

ಈಗ ರಿಂಗ್ ಕೊಹೆರೆಂಟ್ ಮೆಮೊರಿಯಲ್ಲಿದೆ, ಬ್ಯಾರಿಯರ್‌ಗಳು ಅವುಗಳ ಜಾಗದಲ್ಲಿವೆ. ಎರಡು ದಿನದಿಂದ ಉದ್ದ ತಪ್ಪಿಲ್ಲ, ಮಧ್ಯದ ಬೈಟ್‌ಗಳು ಹಳೆಯವಾಗಿಲ್ಲ, ಪಿಂಗ್ ಒಂದು ಮಿಲಿಸೆಕೆಂಡ್ ದಾಟಿಲ್ಲ. ಇಂಟರ್‌ಫೇಸನ್ನು ಸ್ಕ್ರಿಪ್ಟ್ ಮೂಲಕ ರಾತ್ರಿಯಿಡೀ ಅಪ್ ಡೌನ್ ಮಾಡಿಸಿದರೂ ಕರ್ನಲ್ ಕುಸಿಯಲಿಲ್ಲ.

ಆದರೆ ಬೆಟಗೇರಿಯವರು ಹೇಳಿದ ಹಾಗೆಯೇ ಪ್ಯಾಕೆಟ್ಟಿನ ಬಾಲ ಹಳೆಯದಾಗಿ ಬರುವುದು ಉಳಿದಿದೆ, ದಿನಕ್ಕೆ ನಾಲ್ಕೈದು ಬಾರಿ. 1514 ಬೈಟಿನ ಪ್ಯಾಕೆಟ್ ಆದರೆ ಯಾವಾಗಲೂ 1280ರಿಂದ. 600 ಬೈಟಿನದಾದರೆ 512ರಿಂದ. ಕೆಟ್ಟ ಪ್ಯಾಕೆಟ್ ಸಿಕ್ಕಿದ ಕೂಡಲೇ ಅದೇ ಬಫರನ್ನು ಸಿಂಕ್ ಮಾಡಿ ಎರಡನೇ ಬಾರಿ ಓದುವಂತೆ ಕೋಡ್ ಸೇರಿಸಿ ನೋಡಿದೆ. ಎರಡನೇ ಓದಿನಲ್ಲಿ ಬೈಟ್‌ಗಳು ಸರಿಯಾಗಿರುತ್ತವೆ. ಡಿಎಂಎ_ಆರ್‌ಎಂಬಿ ಬದಲು ಅದಕ್ಕಿಂತ ಬಲವಾದ ಬ್ಯಾರಿಯರ್ ಹಾಕಿದರೂ ವ್ಯತ್ಯಾಸವಾಗಲಿಲ್ಲ.

ಬೆಟಗೇರಿ ನೇಕಾರ (ಗದಗ) ಅವರ ಉತ್ತರ

1280 ಮತ್ತು 512 ಎರಡೂ 256ರ ಗುಣಕಗಳು. ನಿಮ್ಮ ಕಂಟ್ರೋಲರ್ 256 ಬೈಟಿನ ಬರ್ಸ್ಟ್‌ಗಳಲ್ಲಿ, ಅಂದರೆ ಕಂತುಗಳಲ್ಲಿ, ಬರೆಯುತ್ತಿರಬೇಕು, ಮತ್ತು ಹಳೆಯದಾಗಿ ಕಾಣುವುದು ಸರಿಯಾಗಿ ಕೊನೆಯ ಬರ್ಸ್ಟ್. ಎರಡನೇ ಓದಿನಲ್ಲಿ ಸರಿಯಾಗುತ್ತದೆಂದರೆ ಮೊದಲ ಓದಿನ ಹೊತ್ತಿಗೆ ಆ ಬರ್ಸ್ಟ್ ಮೆಮೊರಿಗೆ ಇನ್ನೂ ತಲುಪಿಯೇ ಇರಲಿಲ್ಲ. ನೀವು ಎಂಥ ಬಲವಾದ ಬ್ಯಾರಿಯರ್ ಹಾಕಿದರೂ ಅದು ನಿಮ್ಮ ಪ್ರೊಸೆಸರಿನ ಓದುಗಳನ್ನು ಸಾಲಾಗಿ ನಿಲ್ಲಿಸುತ್ತದೆಯೇ ಹೊರತು, ಹಾರ್ಡ್‌ವೇರಿನ ಬರವಣಿಗೆಗಳನ್ನಲ್ಲ. ಕೊನೆಯ ಡಬ್ಬಿ ಬರುವ ಮುಂಚೆಯೇ ಆ ಕಡೆಯವರು ಚೆಂಡನ್ನು ಯಂತ್ರಕ್ಕೆ ಹಾಕುತ್ತಿದ್ದಾರೆ.

ನಿಮ್ಮ ಸಹೋದ್ಯೋಗಿಯವರನ್ನು ಎರಡು ಪ್ರಶ್ನೆ ಕೇಳಿ. ಪ್ಯಾಕೆಟ್ಟಿನ ಬೈಟ್‌ಗಳು ಮತ್ತು ಡಿಸ್ಕ್ರಿಪ್ಟರ್ ಒಂದೇ ಎಎಕ್ಸ್‌ಐ (ಚಿಪ್ಪಿನೊಳಗಿನ ಬಸ್) ಪೋರ್ಟಿನಿಂದ ಹೋಗುತ್ತವೆಯೇ, ಬೇರೆ ಬೇರೆ ಪೋರ್ಟಿನಿಂದಲೇ? ಬೇರೆಯಾದರೆ, ಡಿಸ್ಕ್ರಿಪ್ಟರ್ ಬರೆಯುವ ಮುನ್ನ ಕೊನೆಯ ಬರ್ಸ್ಟಿನ ರೈಟ್ ರೆಸ್ಪಾನ್ಸ್ (ಬರೆದದ್ದು ತಲುಪಿತೆಂಬ ಮರುತ್ತರ) ಬಂತೇ ಎಂದು ನೋಡುತ್ತಾರೆಯೇ? ಕೊನೆಯ ಬೈಟನ್ನು ಕಳುಹಿಸಿದ್ದೇ ಮುಗಿದಂತೆ ಎಂದು ಎಣಿಸುವುದು ಎಫ್‌ಪಿಜಿಎ ವಿನ್ಯಾಸದಲ್ಲಿ ಬಹಳ ಸುಲಭವಾಗಿ ಆಗುವ ತಪ್ಪು. ಕಳುಹಿಸಿದ್ದು ಬೇರೆ, ತಲುಪಿದ್ದು ಬೇರೆ. ಎರಡು ಪೋರ್ಟ್‌ಗಳ ನಡುವೆ ಯಾವುದು ಮೊದಲು ತಲುಪಬೇಕೆಂಬ ನಿಯಮವೇ ಇಲ್ಲ. ಮೆಮೊರಿ ಕಂಟ್ರೋಲರ್ ಎದುರಿನ ಸಂದಣಿಯನ್ನು ಅವಲಂಬಿಸಿ ಡಿಸ್ಕ್ರಿಪ್ಟರ್ ಮುಂದೆ ನುಗ್ಗಬಹುದು.

ಡೆಸ್ಕ್‌ಟಾಪ್‌ನಲ್ಲಿ ಇದು ಕಾಣದಿರುವುದಕ್ಕೂ ಕಾರಣವಿದೆ. ಅಲ್ಲಿ ಎರಡೂ ಬರವಣಿಗೆಗಳು ಒಂದೇ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯ ಮೂಲಕ ಹೋಗುತ್ತಿದ್ದವು, ಮತ್ತು ರಿಲ್ಯಾಕ್ಸ್ಡ್ ಆರ್ಡರಿಂಗ್ ಗುರುತು ಹಾಕದ ಹೊರತು ಹಿಂದಿನ ಮೆಮೊರಿ ಬರವಣಿಗೆಯನ್ನು ಮುಂದಿನದು ದಾಟುವಂತಿಲ್ಲ ಎಂದು ಆ ಮಾನದಂಡವೇ ಹೇಳುತ್ತದೆ.

ವರದಾ ತೀರ (ಹಾವೇರಿ) ಅವರ ಉತ್ತರ

ಒಪ್ಪುತ್ತೇನೆ. ದಯವಿಟ್ಟು ಡ್ರೈವರಿನಲ್ಲಿ "ಎರಡು ಸಲ ಓದಿ ಹೋಲಿಸುವ" ಉಪಾಯವನ್ನು ಉಳಿಸಿಕೊಳ್ಳಬೇಡಿ. ಹಾರ್ಡ್‌ವೇರ್ ತಪ್ಪನ್ನು ಡ್ರೈವರಿನಲ್ಲಿ ಮುಚ್ಚುವುದು ಚಿಪ್ ಬದಲಿಸಲಾಗದವರಿಗೆ ಅನಿವಾರ್ಯವಾಗಬಹುದು. ನಿಮ್ಮದು ಎಫ್‌ಪಿಜಿಎ, ಪಕ್ಕದ ಮೇಜಿನಲ್ಲಿಯೇ ಸರಿಪಡಿಸುವವರು ಕುಳಿತಿದ್ದಾರೆ.

ಉಣಕಲ್ ದಂಡೆ (ಹುಬ್ಬಳ್ಳಿ) ಅವರ ಉತ್ತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡು ಪೋರ್ಟ್‌ಗಳೇ ಇದ್ದವು. ಸಹೋದ್ಯೋಗಿಯವರು ಮೊದಲಿಗೆ ನಂಬಲಿಲ್ಲ. ಬಸ್ಸಿನ ಸಂಕೇತಗಳನ್ನು ಚಿಪ್ಪಿನೊಳಗೇ ಹಿಡಿದು ನೋಡಿದಾಗ, ಕೆಟ್ಟ ಪ್ಯಾಕೆಟ್ಟಿನ ಕೊನೆಯ ಬರ್ಸ್ಟಿನ ರೆಸ್ಪಾನ್ಸ್ ಬರುವುದಕ್ಕಿಂತ 41 ಗಡಿಯಾರ ಮಿಡಿತಗಳಷ್ಟು ಮೊದಲೇ ಡಿಸ್ಕ್ರಿಪ್ಟರಿನ ರೆಸ್ಪಾನ್ಸ್ ಬಂದಿರುವುದು ಪರದೆಯ ಮೇಲೆಯೇ ಕಂಡಿತು. ಬಾಕಿಯಿರುವ ಬರ್ಸ್ಟ್‌ಗಳನ್ನು ಎಣಿಸುವ ಒಂದು ಕೌಂಟರ್ ಸೇರಿಸಿ, ಅದು ಸೊನ್ನೆಯಾದ ಮೇಲೆಯೇ ಡಿಸ್ಕ್ರಿಪ್ಟರ್ ಬರೆಯುವಂತೆ ಅವರು ಬದಲಿಸಿದ್ದಾರೆ. ಐದು ದಿನಗಳಾದವು, ಒಂದು ಪ್ಯಾಕೆಟ್ಟೂ ಕೆಟ್ಟಿಲ್ಲ.

ನಿನ್ನೆ ಸ್ವೀಕರಿಸುವ ದಾರಿಯಲ್ಲಿದ್ದ ಸ್ಪಿನ್‌ಲಾಕ್, ವೊಲಟೈಲ್ ಮತ್ತು 10 ಮೈಕ್ರೋಸೆಕೆಂಡ್ ವಿಳಂಬ ಮೂರನ್ನೂ ತೆಗೆದುಹಾಕಿದೆ. ಆ ವಿಳಂಬದ ಸಾಲನ್ನು ಗಿಟ್‌ನಲ್ಲಿ ಹುಡುಕುವಾಗ ನಮ್ಮ ಇನ್ನೆರಡು ಹಳೆಯ ಡ್ರೈವರ್‌ಗಳಲ್ಲಿಯೂ ಅದೇ ಸಾಲು ಸಿಕ್ಕಿತು, ಪಕ್ಕದಲ್ಲಿ "ತೆಗೆಯಬೇಡಿ, ತೆಗೆದರೆ ಕೆಡುತ್ತದೆ" ಎಂಬ ಕಾಮೆಂಟ್ ಸಮೇತ. ಅದರಲ್ಲಿ ಒಂದನ್ನು ಬರೆದವನೂ ನಾನೇ. ಸೋಮವಾರದಿಂದ ಅವುಗಳ ಡಿಸ್ಕ್ರಿಪ್ಟರ್ ಕೋಡನ್ನು ಬಿಚ್ಚುತ್ತೇನೆ. ಸಿಕ್ಕಿಕೊಂಡರೆ ಇದೇ ಎಳೆಯಲ್ಲಿ ಕೇಳುತ್ತೇನೆ.